ಕಣ್ಣಿನ ಪಾಳಿ

ಚಿಲೋಯೆಯ ದ್ವೀಪಗಳ ನಡುವೆ
ಬೆಳಿಗ್ಗೆ ಏಳಕ್ಕೆ ಹೊರಡುವ ಶಾಲಾದೋಣಿ ನನ್ನದು.
ಹನ್ನೊಂದು ಮಕ್ಕಳು, ಹನ್ನೊಂದು ಕಿತ್ತಳೆ ಜಾಕೆಟ್ಟು,
ನಲವತ್ತು ನಿಮಿಷದ ನೀರು.
ನಾನು ಎದುವಿನಾ ಚಿಗ್ವಾಯ್. ಟೀಚರಲ್ಲ.
ಬುದ್ಧಿ ಹೇಳುವುದಕ್ಕೆ ನನಗೆ ಸಂಬಳವಿಲ್ಲ,
ಬುದ್ಧಿಯೂ ಅಷ್ಟಕ್ಕಷ್ಟೆ.

ಚುಕ್ಕಾಣಿಯ ಮೇಲಿನ ಕನ್ನಡಿಯಲ್ಲಿ
ದಿನಾ ಕಾಣುತ್ತಿದ್ದದ್ದು ಹನ್ನೊಂದು ನೆತ್ತಿ.
ಮುಖವೇ ಇಲ್ಲ.
ಯಾರ ಬೈತಲೆ ಓರೆ, ಯಾರ ತಲೆಯಲ್ಲಿ ಹೇನು,
ಯಾರಿಗೆ ಎರಡು ಸುಳಿ,
ಅಷ್ಟೇ ನನಗೆ ಗೊತ್ತಿದ್ದದ್ದು ಅವರ ಬಗ್ಗೆ.
"ಡಾಲ್ಫಿನ್ ಬಂತು ನೋಡ್ರೋ" ಅಂದರೆ
"ಹೂಂ" ಅನ್ನುತ್ತಿತ್ತು ಒಂದು ನೆತ್ತಿ.
ಅಂಗೈಯಲ್ಲೂ ಒಂದು ಸಮುದ್ರವಿತ್ತು ಅವರಿಗೆ,
ಒದ್ದೆಯಾಗದ್ದು.

ಬೈಯಲಿಲ್ಲ. ಬೈಯುವ ಬಾಯಿ ನನಗೆಲ್ಲಿತ್ತು?
ಏಪ್ರಿಲ್ಲಿನ ಒಂದು ಬುಧವಾರ
ಮಕ್ಕಳನ್ನು ಇಳಿಸಿ ಖಾಲಿ ಮರಳುತ್ತಿದ್ದೆ,
ಒಂದು ಕೈ ಚುಕ್ಕಾಣಿಗೆ, ಇನ್ನೊಂದರಲ್ಲಿ ಫೋನು.
ಯಾವುದೋ ದೇಶದ ಯಾರದೋ ಮೇಕೆ
ಹಾಸಿಗೆಯ ಮೇಲೆ ಕುಣಿಯುತ್ತಿತ್ತು.
ನಕ್ಕೆ. ಮತ್ತೊಮ್ಮೆ ನೋಡಿದೆ.
ಮೂರನೆಯ ಸಲ ಮೇಕೆ ಮೇಲೆ ಹಾರಿದಾಗ
ಕೆಳಗೆ ಗರಕ್ಕನೆ ಸದ್ದು.
ಮುದುಕ ನಾವೆಲ್ಕಿನ್‌ನ ಪಚ್ಚಿಲೆ ಸಾಕಣೆಯ ಹಗ್ಗ
ನನ್ನ ಪ್ರೊಪೆಲರಿಗೆ ಸುತ್ತಿ ತುಂಡಾಗಿ
ಒಂದಿಡೀ ಸಾಲು, ಒಂದು ವರ್ಷದ ಬೆಳೆ
ತಳ ಸೇರಿತ್ತು.

ದುಡ್ಡು ಕೇಳಲಿಲ್ಲ ಮುದುಕ. ಇಷ್ಟೇ ಕೇಳಿದ:
"ಮಂಜಿತ್ತೇ?"
"ಇರಲಿಲ್ಲ."

ಮರುದಿನ ಮಕ್ಕಳಿಗೆ ಎಲ್ಲ ಹೇಳಿದೆ,
ಮೇಕೆಯ ಸಮೇತ.
ಬಿಸ್ಕತ್ತಿನ ಡಬ್ಬಿ ತೆರೆದು ಮೊದಲು ನನ್ನದನ್ನೇ ಹಾಕಿದೆ.
ಬಲವಂತವಿಲ್ಲ, ಮುಚ್ಚಳವೂ ಇಲ್ಲ ಅಂದೆ.
"ಆದರೆ ನನಗಿರುವುದು ಎರಡೇ ಕಣ್ಣು,
ಅವಕ್ಕೂ ವಯಸ್ಸಾಯಿತು.
ದಿನಕ್ಕೊಂದು ಜೊತೆ ಕಡ ಕೊಡುತ್ತೀರಾ?
ದೋಣಿಯ ಮೂತಿಯಲ್ಲಿ ನಿಲ್ಲಬೇಕು,
ತೇಲುವ ದಿಮ್ಮಿ, ಬಿಚ್ಚಿದ ಹಗ್ಗ ಕಂಡರೆ ಕೂಗಬೇಕು,
ಇಳಿಯುವ ಮುಂಚೆ ಪುಸ್ತಕದಲ್ಲಿ ಬರೆಯಬೇಕು."

ಮೊದಲ ವಾರ ಡಬ್ಬಿಯಲ್ಲಿ ನನ್ನದೊಂದೇ ಫೋನು,
ಬಿಸ್ಕತ್ತಿನ ಪುಡಿ ಮೆತ್ತಿಕೊಂಡು.
ಆಮೇಲೆ ಎರಡು. ಒಂದು ಸೋಮವಾರ ಆರು.
ಉಪ್ಪುನೀರು ಕುಡಿದು ಊದಿಕೊಂಡ ಆ ಪುಸ್ತಕ
ಈಗ ಹೀಗೆ ಓದುತ್ತದೆ:

ಮಾಯ್ತೆ, ಆರನೆಯ ತರಗತಿ:
ದಿಮ್ಮಿ ಒಂದು. ಕೂಗಿದೆ. ಅದು ಸೀಲ್.
ಅದೂ ನನ್ನನ್ನೇ ನೋಡಿತು.

ಅಮಾರೊ, ಎಂಟನೆಯದು:
ಬೇಜಾರು. ಬೇಜಾರು. ಕರಿಕತ್ತಿನ ಹಂಸ ಹದಿನೇಳು.
ಬೇಜಾರು. ತಪ್ಪು, ಹದಿನೆಂಟು.

ನೋಎಲಿಯಾ, ನಾಲ್ಕನೆಯದು:
ನಮ್ಮ ಮನೆಯ ಹೊಗೆ ತಿರುವಿನ ತನಕ ಕಾಣುತ್ತದೆ.
ಅಜ್ಜಿ ಹಸಿ ಸೌದೆ ಹಾಕಿದ್ದಾಳೆ. ಹೇಳಬೇಕು.

ಫೋನು ಕೆಟ್ಟದ್ದೆಂದು ನಾನೆಲ್ಲಿ ಹೇಳಿದೆ?
ಗಾಳಿಯ ಸುದ್ದಿ ನೋಡುವುದು ಅದರಲ್ಲೇ,
ತಂಗಿಯೊಂದಿಗೆ ಜಗಳವೂ ಅದರಲ್ಲೇ.
ಆದರೆ ಮಕ್ಕಳೇ,
ನೀವು ನೋಡದಿದ್ದರೂ ಮೇಕೆ ಕುಣಿಯುತ್ತದೆ.
ನೀವು ನೋಡದಿದ್ದರೆ ಹಗ್ಗ ತುಂಡಾಗುತ್ತದೆ.
ನನಗೆ ತಿಳಿದದ್ದು ಇಷ್ಟು.

ಯೆರ್ಕೊ ಇನ್ನೂ ಡಬ್ಬಿಗೆ ಹಾಕಿಲ್ಲ.
ಹದಿನೈದರ ಹುಡುಗ. ಸ್ವೆಟರಿನೊಳಗೆ
ಕದ್ದ ಮೊಟ್ಟೆಯ ಹಾಗೆ ಬೆಚ್ಚಗಿಟ್ಟುಕೊಂಡಿರುತ್ತಾನೆ.
ನಿನ್ನೆ ಅವನ ಪಾಳಿ.
ಮಂಜೆಂದರೆ ಮಂಜು, ನನ್ನ ಕೈ ನನಗೆ ಕಾಣದು.
ನಲವತ್ತು ನಿಮಿಷದ ದಾರಿಗೆ ಎಪ್ಪತ್ತು ಹಿಡಿಯಿತು.
ಸ್ವೆಟರಿನೊಳಗೆ ಅದು ಎರಡು ಸಲ ಗುಂಯ್‌ಗುಟ್ಟಿತು.
ಅವನು ಕತ್ತು ತಿರುಗಿಸಲಿಲ್ಲ.
ನಾವೆಲ್ಕಿನ್‌ನ ಸಾಲುಗಳ ಹತ್ತಿರ ಎಡಗೈ ಎತ್ತಿದ,
ನಾನು ಬಲಕ್ಕೆ ಹೊರಳಿಸಿದೆ.

ಇಳಿಯುವಾಗ ಬರೆದು ಹೋದ:
ಹಗ್ಗ ಬಿಟ್ಟರೆ ಏನೂ ಕಾಣಲಿಲ್ಲ.
ನೋಡುತ್ತಲೇ ಇದ್ದೆ.

ಎರಡು ಅಕ್ಷರ ತಪ್ಪಿದ್ದವು.
ತಿದ್ದಲಿಲ್ಲ. ನಾನು ಟೀಚರಲ್ಲ.